ಟುಬ್ರಿಡಿ ಕೂತ ಕುರ್ಚಿ, ಆರ್‌ಟಿಇ ಬರೆದ ಲೆಕ್ಕ

2023ರ ಜುಲೈ 11, ಮಂಗಳವಾರ. ಐರ್ಲೆಂಡಿನ ಕೆಲವು ಪಬ್‌ಗಳಲ್ಲಿ ಹಟ್ಟಹಗಲಲ್ಲೇ ದೊಡ್ಡ ಟಿವಿ ಹಾಕಿಕೊಂಡು ಜನ ಕೂತಿದ್ದರು. ಅವತ್ತು ಫುಟ್‌ಬಾಲೂ ಇರಲಿಲ್ಲ, ರಗ್ಬಿಯೂ ಇರಲಿಲ್ಲ. ನೇರ ಪ್ರಸಾರ ಆಗುತ್ತಿದ್ದದ್ದು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಸಭೆ. ಲೆಕ್ಕಪತ್ರ ಸಮಿತಿ ಎಂದರೆ ನಮ್ಮ ವಿಧಾನಸೌಧದಲ್ಲಿ ಪತ್ರಕರ್ತರೂ ಆಕಳಿಸುವ ವಿಷಯ. ಅದನ್ನು ಅಲ್ಲಿ ಬಿಯರ್ ಗ್ಲಾಸ್ ಹಿಡಿದು ನೋಡುತ್ತಿದ್ದರು. ಕಾರಣ, ಉತ್ತರ ಕೊಡುವ ಜಾಗದಲ್ಲಿ ಕೂತಿದ್ದವರು ಟಿವಿ ನಿರೂಪಕ ರಯಾನ್ ಟುಬ್ರಿಡಿ. ಹದಿನಾಲ್ಕು ವರ್ಷ ಶುಕ್ರವಾರ ರಾತ್ರಿಗಳಲ್ಲಿ ಊರವರನ್ನೆಲ್ಲ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿದ್ದ ಮನುಷ್ಯ ಅವತ್ತು ಬೆಳಗ್ಗೆ ಒಂದು ಸಮಿತಿಗೆ, ಮಧ್ಯಾಹ್ನ ಇನ್ನೊಂದಕ್ಕೆ ಉತ್ತರ ಹೇಳುತ್ತಿದ್ದರು. ಪಕ್ಕದಲ್ಲಿ ಅವರ ಏಜೆಂಟ್ ನೋಯೆಲ್ ಕೆಲ್ಲಿ.

ಹಗರಣದ ಮೊತ್ತ ಕೇಳಿದರೆ ನಮ್ಮ ಕಡೆಯವರಿಗೆ ನಗು ಬರಬಹುದು. ಪ್ರಸಾರ ಸಂಸ್ಥೆ ಆರ್‌ಟಿಇ ಟುಬ್ರಿಡಿಗೆ ಕೊಟ್ಟೂ ಜನರಿಗೆ ತೋರಿಸದ ಸಂಭಾವನೆ, ಆರು ವರ್ಷದಲ್ಲಿ 3.45 ಲಕ್ಷ ಯೂರೊ. ಇಷ್ಟಕ್ಕೆ ಮಹಾನಿರ್ದೇಶಕಿ ರಾಜೀನಾಮೆ ಕೊಟ್ಟರು, ನಿರೂಪಕ ಕೆಲಸ ಕಳೆದುಕೊಂಡರು, ಲಕ್ಷಕ್ಕೂ ಹೆಚ್ಚು ಮನೆಯವರು ಟಿವಿ ಲೈಸೆನ್ಸ್ ಕಟ್ಟುವುದನ್ನು ಬಿಟ್ಟರು, ಕೊನೆಗೆ ಸರ್ಕಾರ ಲೈಸೆನ್ಸ್ ಹಣವೂ ಸೇರಿ ಮೂರು ವರ್ಷಕ್ಕೆ 72.5 ಕೋಟಿ ಯೂರೊ ಖಾತರಿ ಕೊಡಬೇಕಾಯಿತು. ಗುಡ್ಡ ಅಗೆದು ಇಲಿ ಹಿಡಿಯುವುದು ನಮಗೆ ಗೊತ್ತು. ಇಲ್ಲಿ ಇಲಿಯ ಬಿಲ ಕೆದಕಲು ಹೋಗಿ ಗುಡ್ಡವೇ ಜರಿಯಿತು. ಅದು ಹೇಗೆ ಎಂದು ತಿಳಿಯಬೇಕಾದರೆ ಮೊದಲು ಟುಬ್ರಿಡಿ ಕೂತಿದ್ದ ಕುರ್ಚಿಯ ಕತೆ ಗೊತ್ತಿರಬೇಕು.

ಐರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಹೆಸರು ಆರ್‌ಟಿಇ. ಅದರ ಟಿವಿ ಶುರುವಾದದ್ದು 1961ರ ಡಿಸೆಂಬರ್ 31ರ ರಾತ್ರಿ. ಮರುವರ್ಷ ಜುಲೈ 6ಕ್ಕೆ 'ದಿ ಲೇಟ್ ಲೇಟ್ ಶೋ' ಬಂತು. ನಿರೂಪಕ ಗೇ ಬರ್ನ್. ಬೇಸಿಗೆಯ ಕೆಲವು ವಾರಕ್ಕೆಂದು ಹಾಕಿಕೊಂಡ ಹರಟೆ ಕಾರ್ಯಕ್ರಮ. ಬರ್ನ್ ಕುರ್ಚಿಯಿಂದ ಎದ್ದದ್ದು 1999ರ ಮೇ ತಿಂಗಳಲ್ಲಿ.

ಆ 37 ವರ್ಷದಲ್ಲಿ ಅವರು ಮಾಡಿದ್ದೇನು ಎಂಬುದಕ್ಕೆ ಎರಡು ಪ್ರಸಂಗ ಸಾಕು. 1966ರಲ್ಲಿ ಗಂಡ ಹೆಂಡಿರ ಒಂದು ತಮಾಷೆ ಆಟದಲ್ಲಿ, ಮೊದಲ ರಾತ್ರಿ ನೀವು ಹಾಕಿಕೊಂಡಿದ್ದ ನೈಟಿಯ ಬಣ್ಣ ಯಾವುದು ಎಂದು ಒಬ್ಬ ಹೆಂಗಸನ್ನು ಕೇಳಿದರು.  ಏನೂ ಹಾಕಿಕೊಂಡಿರಲಿಲ್ಲ ಎಂದರು ಆಕೆ. ಸಭೆ ನಕ್ಕಿತು. ಕ್ಲಾನ್‌ಫರ್ಟ್‌ನ ಬಿಷಪ್ ನಗಲಿಲ್ಲ. ಭಾನುವಾರದ ಪ್ರವಚನದಲ್ಲೇ ಕಾರ್ಯಕ್ರಮವನ್ನು ಖಂಡಿಸಿದರು, ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು. ಇವತ್ತಿಗೂ ಐರಿಷ್ ಜನ ಅದನ್ನು 'ಬಿಷಪ್ಪು, ನೈಟಿಯ ಪ್ರಕರಣ' ಎಂದೇ ಕರೆಯುತ್ತಾರೆ. ಇನ್ನೊಂದು ನಗುವ ಮಾತಲ್ಲ. 1984ರ ಜನವರಿ 31ರಂದು ಗ್ರಾನಾರ್ಡ್ ಎಂಬ ಸಣ್ಣ ಊರಿನಲ್ಲಿ ಹದಿನೈದರ ಹುಡುಗಿಯೊಬ್ಬಳು ಮೇರಿ ಮಾತೆಯ ಗುಡಿಯ ಬಳಿ ಒಬ್ಬಳೇ ಹೆತ್ತು, ಮಗುವೂ ಅವಳೂ ತೀರಿಕೊಂಡರು. ಆ ವಾರಗಳಲ್ಲಿ ಬರ್ನ್ ಅವರ ರೇಡಿಯೊ ಕಾರ್ಯಕ್ರಮಕ್ಕೆ ಕಾಗದಗಳು ಬಂದು ಬಿದ್ದವು. ಗುಟ್ಟಾಗಿ ಹೆತ್ತವರು, ಹೆತ್ತದ್ದನ್ನು ಕಳೆದುಕೊಂಡವರು, ನಲವತ್ತು ವರ್ಷದಿಂದ ಯಾರಿಗೂ ಹೇಳದವರು. ಒಂದು ಬೆಳಗ್ಗೆ ಬೇರೆ ಏನೂ ಇಟ್ಟುಕೊಳ್ಳದೆ ಆ ಕಾಗದಗಳನ್ನಷ್ಟೇ ಓದಿಸಿದರು. ಕನ್ನಡಿಗರಿಗೆ ಆ ಐರ್ಲೆಂಡ್ ಯಾವುದು ಎಂದು ಗೊತ್ತಾದದ್ದು ಬಹಳ ತಡವಾಗಿ, 2012ರಲ್ಲಿ, ಬೆಳಗಾವಿಯ ಸವಿತಾ ಹಾಲಪ್ಪನವರ ಗರ್ಭಪಾತಕ್ಕೆ ಅವಕಾಶ ಸಿಗದೆ ಗಾಲ್ವೆಯಲ್ಲಿ ತೀರಿಕೊಂಡಾಗ.

ಹೀಗೆ ಆ ಕುರ್ಚಿ ಬರೀ ಆ್ಯಂಕರ್‌ನ ಆಸನವಾಗಿ ಉಳಿಯಲಿಲ್ಲ. ಪಾದ್ರಿಯ ಮುಂದೆ ಹೇಳಲಾಗದ್ದನ್ನು ಹೇಳುವ ಜಾಗವಾಯಿತು. ಬರ್ನ್ ನಂತರ ಹತ್ತು ವರ್ಷ ಪ್ಯಾಟ್ ಕೆನ್ನಿ ಕೂತರು. 2009ರ ಸೆಪ್ಟೆಂಬರ್ 4ರಿಂದ ಟುಬ್ರಿಡಿ.

ಟುಬ್ರಿಡಿ ಹುಟ್ಟಿದ್ದು 1973ರಲ್ಲಿ, ಡಬ್ಲಿನ್ನಿನಲ್ಲಿ. ಮನೆತನದಲ್ಲಿ ರಾಜಕೀಯ ಹಾಸುಹೊಕ್ಕು. ತಾಯಿಯ ತಂದೆ ಟಾಡ್ ಆ್ಯಂಡ್ರ್ಯೂಸ್ ಸ್ವಾತಂತ್ರ್ಯ ಹೋರಾಟದಲ್ಲಿ ಬಂದೂಕು ಹಿಡಿದವರು, ಆಮೇಲೆ ಸರ್ಕಾರಿ ಸಂಸ್ಥೆಗಳನ್ನು ನಡೆಸಿದವರು. ಅರವತ್ತರ ದಶಕದ ಕೊನೆಯಲ್ಲಿ ಆರ್‌ಟಿಇ ಪ್ರಾಧಿಕಾರದ ಅಧ್ಯಕ್ಷರೂ ಆಗಿದ್ದರು. ಅಂದರೆ ಅಜ್ಜ ಯಜಮಾನಿಕೆ ಮಾಡಿದ ಮನೆಯಲ್ಲೇ ಮೊಮ್ಮಗ ಕೆಲಸಕ್ಕೆ ಸೇರಿದ್ದು. ಇದನ್ನು ಓದಿ ವಶೀಲಿಬಾಜಿ ಎಂದು ಮೂಗು ಮುರಿಯುವವರು ಒಂದು ವಿಷಯ ನೆನಪಿಡಬೇಕು: ಹುಡುಗ ಹನ್ನೆರಡನೇ ವಯಸ್ಸಿಗೇ ರೇಡಿಯೊದ ಮಕ್ಕಳ ಕಾರ್ಯಕ್ರಮಕ್ಕೆ ಪುಸ್ತಕ ವಿಮರ್ಶೆ ಹೇಳುತ್ತಿದ್ದ. ಡಿಗ್ರಿ ಮುಗಿಸಿ ಬಂದಾಗ ಸಿಕ್ಕ ಕೆಲಸ ಜೆರಿ ರಯಾನ್ ಎಂಬ ಅಂದಿನ ರೇಡಿಯೊ ದೊರೆಗೆ ಕಾಫಿ ತಂದುಕೊಡುವುದು. ಅಲ್ಲಿಂದ ವರದಿಗಾರಿಕೆ, 2002ರಲ್ಲಿ ಆರ್‌ಟಿಇಯ 2ಎಫ್‌ಎಂ ರೇಡಿಯೊದ ಬೆಳಗಿನ ಕಾರ್ಯಕ್ರಮ, 2004ರಲ್ಲಿ ಶನಿವಾರ ರಾತ್ರಿಯ ಟಿವಿ ಹರಟೆ, 2005ರಲ್ಲಿ ರೇಡಿಯೊ 1. 2010ರಲ್ಲಿ ಜೆರಿ ರಯಾನ್ ಹಠಾತ್ತನೆ ತೀರಿಕೊಂಡಾಗ ಅವರ ಸಮಯಕ್ಕೆ ಬಂದು ಕೂತದ್ದೂ ಅದೇ ಕಾಫಿ ಹುಡುಗ.

ನಿರೂಪಕರಾಗಿ ಅವರು ಬರ್ನ್ ಅಲ್ಲ. ಎದುರು ಕೂತ ಮಂತ್ರಿಯನ್ನು ಬೆವರಿಳಿಸಿದ ಸಂದರ್ಶನಗಳನ್ನು ಹುಡುಕಿದರೆ ಹೆಚ್ಚು ಸಿಗುವುದಿಲ್ಲ. ಕೆನಡಿ ಐರ್ಲೆಂಡಿಗೆ ಬಂದುಹೋದದ್ದರ ಬಗ್ಗೆ ಪುಸ್ತಕ ಬರೆದಿರುವ, ಹಳೆ ಕಾಲದ ಕೋಟು ಟೈ ಇಷ್ಟಪಡುವ, ಸ್ವಲ್ಪ ಪಂತೋಜಿ ಗತ್ತಿನ ತೆಳ್ಳನೆಯ ಉದ್ದ ಮನುಷ್ಯ. ಅವರ ನಿಜವಾದ ಶಕ್ತಿ ಕಾಣುತ್ತಿದ್ದದ್ದು ವರ್ಷಕ್ಕೊಂದು ರಾತ್ರಿ, ಕ್ರಿಸ್‌ಮಸ್ಸಿಗೆ ಮುಂಚೆ ಬರುವ 'ಟಾಯ್ ಶೋ'ದಲ್ಲಿ. ಬಣ್ಣಬಣ್ಣದ ಸ್ವೆಟರ್ ಹಾಕಿಕೊಂಡು, ಆಟಿಕೆಗಳ ರಾಶಿ ನಡುವೆ, ಮಕ್ಕಳು ಹೇಳಿದಂತೆ ಕುಣಿಯುತ್ತಿದ್ದರು. ಇಡೀ ಐರ್ಲೆಂಡ್ ಪೈಜಾಮ ಹಾಕಿಕೊಂಡು ಅದನ್ನು ನೋಡುತ್ತದೆ ಎಂದರೆ ಉತ್ಪ್ರೇಕ್ಷೆ ಏನಲ್ಲ, ವರ್ಷದಲ್ಲಿ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮ ಅದೇ. 2020ರಲ್ಲಿ ಕೋವಿಡ್‌ನಿಂದ ಜನ ಮನೆಯೊಳಗೇ ಇದ್ದಾಗ, ಗಾಲಿಕುರ್ಚಿಯಲ್ಲಿ ಬಂದ ಪುಟ್ಟ ಹುಡುಗನೊಬ್ಬ ದೂರದಿಂದಲೇ ಕೊಡಬಹುದಾದ ಅಪ್ಪುಗೆಯ ಚಿತ್ರ ಬರೆದು ತಂದಿದ್ದ. ಟುಬ್ರಿಡಿ ಅವನ ಜತೆ ಮಾತಾಡಿದ ಆ ಕೆಲವು ನಿಮಿಷ ನೋಡಿ ಅತ್ತವರು ಎಷ್ಟೋ ಜನ.

ಅದೇ 2020ರಲ್ಲಿ ತೆರೆಯ ಹಿಂದೆ ಬೇರೊಂದು ಮಾತುಕತೆ ನಡೆದಿತ್ತು.

ಆರ್‌ಟಿಇಗೆ ಅಷ್ಟರಲ್ಲಾಗಲೇ ದುಡ್ಡಿನ ಮುಗ್ಗಟ್ಟು. 2019ರ ನವೆಂಬರ್‌ನಲ್ಲಿ ಸಂಸ್ಥೆ ವೆಚ್ಚ ಕಡಿತ ಘೋಷಿಸಿತು. 200 ಹುದ್ದೆ ಕಡಿತ, ಹೆಚ್ಚು ಸಂಭಾವನೆಯ ನಿರೂಪಕರಿಗೆ ಶೇ 15ರಷ್ಟು ಕಮ್ಮಿ. ಟುಬ್ರಿಡಿ ಸಂಸ್ಥೆಯ ನೌಕರರಲ್ಲ, ಗುತ್ತಿಗೆಯ ಮೇಲಿದ್ದವರು. ಅವರ ಸಂಭಾವನೆಯೇ ಎಲ್ಲರಿಗಿಂತ ಹೆಚ್ಚು, ಹೀಗಾಗಿ ಕತ್ತರಿ ಮೊದಲು ಆಡಬೇಕಾದದ್ದೂ ಅಲ್ಲೇ. ಆಡಿದಂತೆ ಕಂಡಿತು ಕೂಡ. ಆದರೆ ಹೊಸ ಒಪ್ಪಂದದ ಪಕ್ಕದಲ್ಲಿ ಇನ್ನೊಂದು ಸಣ್ಣ ಒಪ್ಪಂದ ಹುಟ್ಟಿಕೊಂಡಿತು. ಲೇಟ್ ಲೇಟ್ ಶೋದ ಪ್ರಾಯೋಜಕರು ರೆನೋ ಕಾರು ಕಂಪನಿ. ಟುಬ್ರಿಡಿ ವರ್ಷಕ್ಕೆ ಮೂರು ಸಲ ರೆನೋ ಸಮಾರಂಭಗಳಿಗೆ ಹೋಗಬೇಕು, ಅದಕ್ಕೆ ವರ್ಷಕ್ಕೆ 75 ಸಾವಿರ ಯೂರೊ. ಮೊದಲ ವರ್ಷ ರೆನೋ ದುಡ್ಡು ಕೊಟ್ಟಿತು, ಅಷ್ಟೇ ಮೊತ್ತವನ್ನು ಆರ್‌ಟಿಇ ಕ್ರೆಡಿಟ್ ನೋಟ್ ಮೂಲಕ ರೆನೋಗೆ ಬಿಟ್ಟುಕೊಟ್ಟಿತು. ಎಡಗೈಯಲ್ಲಿ ಇಸಿದುಕೊಂಡು ಬಲಗೈಯಲ್ಲಿ ವಾಪಸ್. ಸಾಲದ್ದಕ್ಕೆ ಈ ಮೊತ್ತ ಸಿಗುವುದಕ್ಕೆ ಆರ್‌ಟಿಇಯೇ ಜಾಮೀನು. ಹಾಗಾಗಿ 2021 ಮತ್ತು 2022ರ ಕಂತುಗಳು ಅದರ ತಲೆ ಮೇಲೇ ಬಂದವು.

ಇಲ್ಲಿಗೆ ಬಾರ್ಟರ್ ಅಕೌಂಟ್ ಪ್ರವೇಶ. ಈ ಹಗರಣದಲ್ಲಿ ನನಗೆ ಅತಿ ಸ್ವಾರಸ್ಯ ಅನ್ನಿಸಿದ ಭಾಗ ಇದೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚಾನೆಲ್ಲಿನ ಬಳಿ ಮಾರಾಟವಾಗದೆ ಉಳಿಯುವ ಜಾಹೀರಾತು ಸಮಯ ಇರುತ್ತದೆ. ಸಂಜೆ ಉಳಿದ ಸೊಪ್ಪಿನ ಕಟ್ಟಿನ ಹಾಗೆ, ಇವತ್ತು ಹೋಗದಿದ್ದರೆ ನಾಳೆಗೆ ಬೆಲೆಯಿಲ್ಲ. ಅದನ್ನು ಮಧ್ಯವರ್ತಿ ಕಂಪನಿಯೊಂದು ತೆಗೆದುಕೊಂಡು ಜಾಹೀರಾತುದಾರರಿಗೆ ಮಾರುತ್ತದೆ. ಬದಲಿಗೆ ಚಾನೆಲ್ಲಿನ ಹೆಸರಲ್ಲಿ ಒಂದು ಜಮೆ ಖಾತೆ ಇಡುತ್ತದೆ. ಆ ಜಮೆಯಲ್ಲಿ ಹೋಟೆಲ್ ಕೋಣೆ, ವಿಮಾನದ ಟಿಕೆಟ್, ಪಂದ್ಯದ ಟಿಕೆಟ್ ಕೊಳ್ಳಬಹುದು. ಪ್ರಸಾರ ಉದ್ಯಮದಲ್ಲಿ ಇದು ಹೊಸದೂ ಅಲ್ಲ, ಅಕ್ರಮವೂ ಅಲ್ಲ. ಆದರೆ ಸಂಸ್ಥೆಯ ನಿತ್ಯದ ಲೆಕ್ಕದ ಪುಸ್ತಕದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಅಡುಗೆಮನೆ ಸಾಸಿವೆ ಡಬ್ಬಿಯ ದುಡ್ಡು ಇದ್ದ ಹಾಗೆ. ವ್ಯತ್ಯಾಸ ಇಷ್ಟೇ, ಸಾಸಿವೆ ಡಬ್ಬಿಯ ದುಡ್ಡು ಮನೆಗೆ ಆಪತ್ತಿಗೆ ಒದಗುತ್ತದೆ.

ಟುಬ್ರಿಡಿಗೆ ಸಲ್ಲಬೇಕಿದ್ದ ಎರಡು ಕಂತು, ಒಟ್ಟು 1.5 ಲಕ್ಷ ಯೂರೊ, ಈ ಖಾತೆಯಿಂದ ಹೋಯಿತು. ಏಜೆಂಟರ ಕಂಪನಿ ಕಳಿಸಿದ ಬಿಲ್ಲಿನಲ್ಲಿ ಬರೆದಿದ್ದದ್ದು 'ಕನ್ಸಲ್ಟೆನ್ಸಿ ಫೀ'. ಟುಬ್ರಿಡಿ ಹೆಸರಿಲ್ಲ, ರೆನೋ ಹೆಸರೂ ಇಲ್ಲ. ಮಧ್ಯವರ್ತಿ ತನ್ನ ಪಾಲು ಮುರಿದುಕೊಳ್ಳುವುದರಿಂದ ಆ ಒಂದೂವರೆ ಲಕ್ಷ ಕೊಡಲು ಆರ್‌ಟಿಇಗೆ ತಗುಲಿದ ಖರ್ಚು ಸುಮಾರು 2.3 ಲಕ್ಷ. 2023ರ ಮೊದಲ ತಿಂಗಳುಗಳಲ್ಲಿ ಲೆಕ್ಕಪರಿಶೋಧಕರ ಕಣ್ಣಿಗೆ ಈ ಬಿಲ್‌ಗಳು ಬಿದ್ದವು. ಯಾವ ಕನ್ಸಲ್ಟೆನ್ಸಿ, ಯಾರಿಂದ ಎಂದು ಕೇಳಿದರು. ಉತ್ತರ ಹುಡುಕಲು ಹೊರಗಿನ ಆಡಿಟ್ ಕಂಪನಿಯನ್ನೇ ಕರೆಸಬೇಕಾಯಿತು.

ಕೆದಕಿದಂತೆ ಹಳೆಯದೂ ಬಂತು. ಆರ್‌ಟಿಇ ತನ್ನ ಅತಿ ಹೆಚ್ಚು ಸಂಭಾವನೆಯ ಹತ್ತು ಮಂದಿಯ ಪಟ್ಟಿಯನ್ನು ಪ್ರಕಟಿಸುತ್ತಿತ್ತು. ಅದರಲ್ಲಿ 2017ರಿಂದ 2019ರವರೆಗೂ ಟುಬ್ರಿಡಿಯ ಮೊತ್ತ ಐದು ಲಕ್ಷ ಯೂರೊಗೆ ಸ್ವಲ್ಪ ಕೆಳಗೇ ನಿಂತಿತ್ತು. ನಿಜವಾದ ಮೊತ್ತ ಮೂರೂ ವರ್ಷ ಐದು ಲಕ್ಷ ದಾಟಿತ್ತು. ಮೂರು ವರ್ಷಕ್ಕೆ ಸೇರಿ 1.2 ಲಕ್ಷ ಕಮ್ಮಿ ತೋರಿಸಿದ್ದರು. ರೆನೋ ಹೆಸರಿನ 2.25 ಲಕ್ಷ ಅದಕ್ಕೆ ಕೂಡಿದರೆ 3.45 ಲಕ್ಷ. ಜೂನ್ 22ರಂದು ಆರ್‌ಟಿಇ ತಾನೇ ಹೇಳಿಕೆ ಕೊಟ್ಟಿತು. ಮಹಾನಿರ್ದೇಶಕಿ ಡೀ ಫೋರ್ಬ್ಸ್ ಅಮಾನತಾದರು, 26ಕ್ಕೆ ರಾಜೀನಾಮೆ. ಟುಬ್ರಿಡಿ ಮಾರ್ಚ್‌ನಲ್ಲೇ ಲೇಟ್ ಲೇಟ್ ಬಿಡುವುದಾಗಿ ಹೇಳಿ, ಮೇ 26ರಂದು ಚಪ್ಪಾಳೆ ಕಣ್ಣೀರಿನ ನಡುವೆ ಕೊನೆಯ ಕಾರ್ಯಕ್ರಮ ಮಾಡಿ ಹೋಗಿದ್ದರು. ನಾಲ್ಕು ವಾರವೂ ಆಗಿರಲಿಲ್ಲ.

ಸಂಸತ್ತಿನ ಸಮಿತಿಗಳು ಬಾರ್ಟರ್ ಅಕೌಂಟನ್ನು ತೆರೆದಾಗ ಒಳಗಿನಿಂದ ಒಂದೊಂದೇ ಉದುರಿತು. ಚಾಂಪಿಯನ್ಸ್ ಲೀಗ್ ಫೈನಲ್ ಪ್ರವಾಸ. ಜಪಾನಿನಲ್ಲಿ ರಗ್ಬಿ ವಿಶ್ವಕಪ್ ಪ್ರವಾಸ. ಲಂಡನ್ನಿನ ಖಾಸಗಿ ಕ್ಲಬ್ಬಿನ ಸದಸ್ಯತ್ವ. ಇವೆಲ್ಲ ಜಾಹೀರಾತುದಾರರನ್ನು ಓಲೈಸುವ ಖರ್ಚು ಎಂದು ಒಪ್ಪಿಕೊಳ್ಳಬಹುದಿತ್ತೇನೋ. ಜನರ ನೆನಪಿನಲ್ಲಿ ಉಳಿದದ್ದು ಬೇರೆ: ಒಂದು ಬೇಸಿಗೆ ಪಾರ್ಟಿಗೆ ಬಂದವರಿಗೆಂದು ಕೊಂಡ ಹವಾಯಿ ಚಪ್ಪಲಿ, ಬೆಲೆ 4,956 ಯೂರೊ. ಲಕ್ಷ, ಕೋಟಿ ಎಂದರೆ ಯಾರಿಗೂ ಕಣ್ಣಿಗೆ ಕಟ್ಟುವುದಿಲ್ಲ. ಹವಾಯಿ ಚಪ್ಪಲಿ ಕಟ್ಟುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಐರಿಷ್ ಭಾಷೆಯಲ್ಲಿ ಇದೆಯೋ ಇಲ್ಲವೋ, ಆ ವಾರ ಅವರಿಗೆ ಅರ್ಥವಂತೂ ಆಗಿತ್ತು. 2022ರ ಡಿಸೆಂಬರ್‌ನಲ್ಲಿ ಟಾಯ್ ಶೋವನ್ನು ಸಂಗೀತ ನಾಟಕ ಮಾಡಲು ಹೋಗಿ 22 ಲಕ್ಷ ಯೂರೊ ಕಳೆದುಕೊಂಡಿದ್ದರು. ಚಪ್ಪಲಿಗಿಂತ ನಾನೂರು ಪಟ್ಟು ದೊಡ್ಡ ನಷ್ಟ ಅದು, ಆದರೆ ಬೀದಿ ಮಾತಿನಲ್ಲಿ ಚಪ್ಪಲಿಯೇ ಗೆದ್ದಿತು.

ಜುಲೈ 11ರ ವಿಚಾರಣೆಯಲ್ಲಿ ಟುಬ್ರಿಡಿಯ ವಾದ ಸರಳವಾಗಿತ್ತು. ಆರ್‌ಟಿಇ ಏಳು ಸುಳ್ಳು ಹೇಳಿದೆ, ಪಟ್ಟಿಯಲ್ಲಿ ಏನು ಪ್ರಕಟಿಸಬೇಕೆಂದು ತೀರ್ಮಾನಿಸುವುದು ಅವರ ಕೆಲಸ, ನಾನು ಒಪ್ಪಂದದಂತೆ ನಡೆದುಕೊಂಡಿದ್ದೇನೆ. ಇದರಲ್ಲಿ ಬಹುಪಾಲು ಸರಿ. ತನಿಖೆ ಮಾಡಿದವರು ಅವರ ಮೇಲೆ ಅಕ್ರಮದ ಷರಾ ಬರೆಯಲಿಲ್ಲ. ಆದರೆ ಪತ್ರಿಕೆಯಲ್ಲಿ ತನ್ನ ಹೆಸರಿನ ಮುಂದೆ ಬಂದ ಅಂಕಿ ತಪ್ಪು ಎಂದು ಗೊತ್ತಿದ್ದೂ ಸುಮ್ಮನಿದ್ದದ್ದೇಕೆ ಎಂಬ ಪ್ರಶ್ನೆಗೆ ಒಪ್ಪಂದದಲ್ಲಿ ಉತ್ತರ ಇರಲಿಲ್ಲ. ಸಂಬಳ ಕಡಿತವನ್ನು ನಾನೂ ಒಪ್ಪಿಕೊಂಡಿದ್ದೇನೆ ಎಂಬ ಹಿರಿಮೆ ಆ ತಪ್ಪು ಅಂಕಿಯ ಮೇಲೇ ನಿಂತಿತ್ತು. ನನಗೆ ಕಾಣುವಂತೆ ಅವರು ಸೋತದ್ದು ಇಲ್ಲಿ. ಜನ ಅವರನ್ನು ಮನೆಮಗ ಎಂದುಕೊಂಡಿದ್ದರು. ಏಜೆಂಟನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಪ್ಪಂದದ ಕಲಮು ಓದುವ ಮನೆಮಗನನ್ನು ಅವರು ಅವತ್ತು ಮೊದಲ ಸಲ ನೋಡಿದರು.

ಆರ್‌ಟಿಇಯ ಸಾಮಾನ್ಯ ನೌಕರರಿಗೆ ಈ ಸುದ್ದಿ ಇನ್ನೂ ಕಹಿಯಾಗಿತ್ತು. ವರ್ಷಗಟ್ಟಲೆ ಸಂಬಳ ಹೆಚ್ಚಳ ಇಲ್ಲ, ಉಪಕರಣ ಕೇಳಿದರೆ ದುಡ್ಡಿಲ್ಲ. ಜೂನ್ ಕೊನೆಯಲ್ಲಿ ಡಬ್ಲಿನ್ನಿನ ಮಾಂಟ್ರೋಸ್ ಕಚೇರಿಯ ಅಂಗಳದಲ್ಲಿ ಅವರು ಫಲಕ ಹಿಡಿದು ನಿಂತರು. ಮೂಗಿಗಿಂತ ಮೂಗುತಿ ಭಾರ ಎಂಬುದನ್ನು ಮೂಗೇ ಬೀದಿಗೆ ಬಂದು ಹೇಳಿದ ಹಾಗಿತ್ತು.

ಇನ್ನು ಲೈಸೆನ್ಸಿನ ಮಾತು. ಐರ್ಲೆಂಡಿನಲ್ಲಿ ಮನೆಯಲ್ಲಿ ಟಿವಿ ಇದ್ದರೆ ವರ್ಷಕ್ಕೆ 160 ಯೂರೊ ಕಟ್ಟಬೇಕು. ಆರ್‌ಟಿಇ ನೋಡುತ್ತೀರೋ ಬಿಡುತ್ತೀರೋ, ಅದು ಬೇರೆ. ಡಬ್ಲಿನ್ನಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೋ ನರ್ಸಿಂಗಿಗೋ ಹೋಗಿ ಮನೆ ಮಾಡಿದ ನಮ್ಮವರೂ ಕಟ್ಟಬೇಕು. ವಸೂಲಿ ಅಂಚೆ ಇಲಾಖೆಯದು. ಕಟ್ಟದೆ ಸಿಕ್ಕಿಬಿದ್ದರೆ ಕೋರ್ಟು, ಮೊದಲ ಸಲಕ್ಕೆ ಸಾವಿರ ಯೂರೊವರೆಗೂ ದಂಡ. ಹಿರಿಯ ಓದುಗರಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ. ಎಂಬತ್ತರ ದಶಕದವರೆಗೂ ನಮ್ಮಲ್ಲಿ ರೇಡಿಯೊಗೆ ಲೈಸೆನ್ಸ್ ಇತ್ತು, ಪೋಸ್ಟಾಫೀಸಿಗೆ ಹೋಗಿ ಆ ಸಣ್ಣ ಪುಸ್ತಕಕ್ಕೆ ಸ್ಟಾಂಪು ಅಂಟಿಸಿ ಮುದ್ರೆ ಹೊಡೆಸಿಕೊಂಡು ಬರುತ್ತಿದ್ದರು. ನಾವು ಅದನ್ನು ಬಿಟ್ಟೆವು, ಆಕಾಶವಾಣಿ ದೂರದರ್ಶನಗಳ ಖರ್ಚು ಸರ್ಕಾರದ ಬೊಕ್ಕಸಕ್ಕೆ ಹೋಯಿತು. ಐರಿಷರು ಬಿಡಲಿಲ್ಲ. ಪ್ರಜೆ ನೇರವಾಗಿ ದುಡ್ಡು ಕೊಟ್ಟರೆ ಸಂಸ್ಥೆ ಮಂತ್ರಿಯ ಮುಖ ನೋಡಬೇಕಿಲ್ಲ ಎಂಬುದು ಅದರ ಹಿಂದಿನ ತರ್ಕ. ಆರ್‌ಟಿಇ ಜಾಹೀರಾತನ್ನೂ ಹಾಕುತ್ತದೆ, ಆದರೆ ಹಗರಣದ ಹೊತ್ತಿಗೆ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಲೈಸೆನ್ಸಿನದ್ದೇ ಆಗಿತ್ತು.

ಹಾಗಾಗಿ ಸಿಟ್ಟು ಬಂದ ವೀಕ್ಷಕನ ಕೈಯಲ್ಲಿ ಒಂದು ಆಯುಧ ಇತ್ತು. 2023ರ ದ್ವಿತೀಯಾರ್ಧದಲ್ಲಿ ಜನ ಅದನ್ನೇ ಎತ್ತಿದರು. ಮೆರವಣಿಗೆ ಇಲ್ಲ, ಘೋಷಣೆ ಇಲ್ಲ, ನವೀಕರಣದ ನೋಟಿಸ್ ಬಂದಾಗ ಸುಮ್ಮನೆ ಡ್ರಾಯರಿಗೆ ಹಾಕಿದರು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಸುಮಾರು 2.2 ಕೋಟಿ ಯೂರೊ ಖೋತಾ ಆಯಿತು. ಆರ್‌ಟಿಇ ಸರ್ಕಾರದ ಮುಂದೆ ಕೈಯೊಡ್ಡಿತು. ಮೊದಲು 5.6 ಕೋಟಿ ತುರ್ತು ನೆರವು ಸಿಕ್ಕಿತು. ನಡುವೆ, 2024ರ ಫೆಬ್ರವರಿಯಲ್ಲಿ, ಸಚಿವೆ ಕ್ಯಾಥರೀನ್ ಮಾರ್ಟಿನ್ ಆರ್‌ಟಿಇಯದೇ ಟಿವಿ ಸಂದರ್ಶನದಲ್ಲಿ ಮಂಡಳಿಯ ಅಧ್ಯಕ್ಷೆಯ ಮೇಲೆ ವಿಶ್ವಾಸ ಇದೆ ಎನ್ನಲು ಹಿಂಜರಿದರು, ಅಧ್ಯಕ್ಷೆ ರಾತ್ರೋರಾತ್ರಿ ರಾಜೀನಾಮೆ ಕೊಟ್ಟರು. ಆ ಜುಲೈನಲ್ಲಿ ದೊಡ್ಡ ತೀರ್ಮಾನ ಬಂತು: 2025ಕ್ಕೆ 22.5 ಕೋಟಿ, 2026ಕ್ಕೆ 24 ಕೋಟಿ, 2027ಕ್ಕೆ 26 ಕೋಟಿ ಯೂರೊ. ಲೈಸೆನ್ಸ್ 160ರಲ್ಲೇ ಮುಂದುವರಿಯುತ್ತದೆ, ಕಮ್ಮಿ ಬಿದ್ದದ್ದನ್ನು ಬೊಕ್ಕಸ ತುಂಬುತ್ತದೆ.

ವೀಕ್ಷಕ ಬುದ್ಧಿ ಕಲಿಸಲು ಹೊರಟದ್ದು ಆರ್‌ಟಿಇ ಆಡಳಿತಕ್ಕೆ. ಕಲಿಸಿದ್ದೂ ಹೌದು. ಆದರೆ ಅವನು ಕಟ್ಟದ ದುಡ್ಡು ಈಗ ಅವನದೇ ತೆರಿಗೆಯಿಂದ ಹೋಗುತ್ತಿದೆ, ಮತ್ತು ಅದು ಮಂತ್ರಿಮಂಡಲದ ಮೇಜಿನ ಮೇಲಿಂದ ಹೋಗುತ್ತಿದೆ. ಮೂರು ವರ್ಷದ ಗಂಟು ಕರಗುತ್ತ ಬಂದಾಗ ಮತ್ತೆ ಅದೇ ಮೇಜಿನ ಮುಂದೆ ನಿಲ್ಲಬೇಕು. ಬಿಷಪ್ ಗುಡುಗಿದರೂ ಅಂಜದೆ ನಿಂತ ಸಂಸ್ಥೆ ಅದು. ಹಣಕಾಸು ಸಚಿವರ ಮುಖದ ಕಳೆ ನೋಡಿ ಪ್ರಶ್ನೆ ಕೇಳುವ ದಿನ ಬರುತ್ತದೆಯೇ? ಬಂದಿದೆ ಎನ್ನಲು ಸಾಕ್ಷಿ ಇಲ್ಲ. ಬರಬಾರದೆಂದು ಕಟ್ಟಿದ್ದ ಬೇಲಿಯಲ್ಲಿ ಕಿಂಡಿ ಬಿದ್ದಿದೆ ಎನ್ನಲು ಅಡ್ಡಿಯಿಲ್ಲ.

ಹೊಸ ಮಹಾನಿರ್ದೇಶಕ ಕೆವಿನ್ ಬ್ಯಾಕ್‌ಹರ್ಸ್ಟ್ ಟುಬ್ರಿಡಿಯನ್ನು ರೇಡಿಯೊಗೆ ವಾಪಸ್ ಕರೆತರಲು ಮಾತುಕತೆ ನಡೆಸಿದ್ದರು. ವರ್ಷಕ್ಕೆ 1.7 ಲಕ್ಷದ ಒಪ್ಪಂದ ಹೆಚ್ಚುಕಡಿಮೆ ಕುದುರಿತ್ತು. ಆಗಸ್ಟಿನಲ್ಲಿ ಎರಡನೇ ಆಡಿಟ್ ವರದಿ ಬಂದ ಮೇಲೆ ಟುಬ್ರಿಡಿ ಕೊಟ್ಟ ಹೇಳಿಕೆಯಿಂದ ಅದು ಮುರಿದುಬಿತ್ತು. ತಪ್ಪು ನನ್ನದಲ್ಲ ಎಂದು ಇನ್ನೊಮ್ಮೆ ಹೇಳುವ ಆತುರ, ಆ ಹೊತ್ತಿಗೆ ಬೇಕಿದ್ದ ಮೌನಕ್ಕಿಂತ ಬಲವಾಗಿತ್ತು. 2024ರ ಜನವರಿಯಲ್ಲಿ ಅವರು ಲಂಡನ್ನಿನ ವರ್ಜಿನ್ ರೇಡಿಯೊ ಸೇರಿದರು. ಡಬ್ಲಿನ್ನಿನ ಕ್ಯೂ102 ಖಾಸಗಿ ಸ್ಟೇಷನ್ ಅದನ್ನು ಬಿತ್ತರಿಸಿತು. ರೇಡಿಯೊ 1ರಲ್ಲಿ ಖಾಲಿಯಾದ ಬೆಳಗಿನ ಒಂಬತ್ತರ ಹೊತ್ತಿಗೆ ಆರ್‌ಟಿಇ ತಂದದ್ದು ಆಲಿವರ್ ಕ್ಯಾಲನ್ ಅವರನ್ನು, ದೊಡ್ಡವರ ದನಿ ಅಣಕಿಸಿ ಹೆಸರು ಮಾಡಿದ ವಿಡಂಬನಕಾರ. ಅಣಕಕ್ಕೆ ಸಿಕ್ಕವರಲ್ಲಿ ಟುಬ್ರಿಡಿಯೂ ಇದ್ದರು.

ಲೇಟ್ ಲೇಟ್ ಕುರ್ಚಿಗೆ ಬಂದ ಪ್ಯಾಟ್ರಿಕ್ ಕೀಲ್ಟಿ ಮೊದಲ ಕಾರ್ಯಕ್ರಮಕ್ಕೂ ಮುನ್ನವೇ ತಮ್ಮ ಸಂಭಾವನೆಯನ್ನು ತಾವಾಗಿ ಹೇಳಿಬಿಟ್ಟರು: 30 ಕಂತಿನ ಒಂದು ಋತುವಿಗೆ 2.5 ಲಕ್ಷ ಯೂರೊ, ವಿಮಾನದ ಖರ್ಚು, ವಸತಿ ತಮ್ಮದೇ. ಟುಬ್ರಿಡಿ ಬಾರ್ಟರ್ ಖಾತೆಯಿಂದ ಬಂದಿದ್ದ ಆ 1.5 ಲಕ್ಷವನ್ನು ಆರ್‌ಟಿಇಗೆ ವಾಪಸ್ ಕಟ್ಟಿದ್ದು 2025ರಲ್ಲಿ, ಮತ್ತೆ ಅಲ್ಲಿ ಕೆಲಸ ಸಿಗುತ್ತದೆಂಬ ಷರತ್ತು ಯಾವುದೂ ಉಳಿದಿರದಿದ್ದಾಗ.